ಜೂನ್ 31 ಬಿಡಿಸಿದ ಗಂಟು

ನಾಲ್ಕು ತಿಂಗಳಿಂದ ಕಾಡುತ್ತಿದ್ದ ಗಂಟು ಮೊನ್ನೆ ರಾತ್ರಿ ಬಿಚ್ಚಿಕೊಂಡಿತು. ಖುಷಿ ತಡೆಯಲಾಗದೆ ಫಿಲಡೆಲ್ಫಿಯಾದಲ್ಲಿರುವ ಮಗಳಿಗೆ ಫೋನ್ ಮಾಡಿಬಿಟ್ಟೆ. ಅಲ್ಲಿ ಆಗ ಮಧ್ಯಾಹ್ನ. ಪಾಪ, ಆಫೀಸಿನಲ್ಲಿದ್ದಳು.

ನಮ್ಮ ಅಳಿಯನ ಕಡೆಯವರು ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯ ಹಳೇ ಕ್ವೇಕರ್ ಮನೆತನ. ಕ್ವೇಕರ್ ಅಂದರೆ ಕ್ರೈಸ್ತರಲ್ಲೇ ಒಂದು ಪಂಗಡ. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಡಬೇಕು ಅಂತ ಮೈಸೂರಿನಲ್ಲಿ ಕೂತೇ ಹುಡುಕುತ್ತಿದ್ದೇನೆ.

ಸಿಕ್ಕಿಹಾಕಿಕೊಂಡಿದ್ದು ಒಬ್ಬ ಮುತ್ತಾತನ ಹತ್ತಿರ. ವಂಶ ಹುಡುಕಲು ನಾನು ಚಂದಾ ಕಟ್ಟುವ ಜಾಲತಾಣದ ಸೂಚಿಯಲ್ಲಿ (ಹಳೇ ದಾಖಲೆಗಳ ಹೆಸರು, ತಾರೀಖಿನ ಪಟ್ಟಿ) ಅವರು ತೀರಿಕೊಂಡ ದಿನ 1731ರ ಸೆಪ್ಟೆಂಬರ್ 14. ಉಯಿಲಿನಲ್ಲಿರುವ ತಾರೀಖು ಅದೇ ವರ್ಷದ ಅಕ್ಟೋಬರ್ 20. ಸತ್ತು ಐದು ವಾರವಾದ ಮೇಲೆ ಎದ್ದು ಬಂದು ಉಯಿಲು ಬರೆಸಿದರಾ? ಹಾಗಾದರೆ ಅದೇ ಹೆಸರಿನ ಮಗ ಇದ್ದಿರಬೇಕು, ಉಯಿಲು ಅವನದು ಅಂದುಕೊಂಡೆ. ಆ ಉಯಿಲಿನಲ್ಲಿ ಹೆಂಡತಿಯ ಹೊಟ್ಟೆಯಲ್ಲಿರುವ ಕೂಸಿಗೂ ಒಂದು ಪಾಲು ಇಟ್ಟಿದ್ದಾರೆ. ಅದನ್ನು ಓದಿದ ಮೇಲೆ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಸಾವು ಬರೆದಿಟ್ಟ ಕ್ವೇಕರ್ ದಫ್ತರದ ಮೂಲ ಪುಟದ ಪ್ರತಿಗೆ ದುಡ್ಡು ಕಟ್ಟಿದೆ. ಮೊದಲು ಬಂದದ್ದು ಮಸುಕು, ಬಲಗಡೆ ಅಂಚೇ ಇಲ್ಲ. ಎರಡು ಸಲ ಬರೆದು ಕೇಳಿದ ಮೇಲೆ ಓದುವಂಥದ್ದು ಬಂತು. ಅದರಲ್ಲಿ ತಿಂಗಳ ಹೆಸರೇ ಇಲ್ಲ! ಕಂದಿದ ಶಾಯಿಯಲ್ಲಿ 14, ಪಕ್ಕದಲ್ಲಿ 9ನೇ ತಿಂಗಳು, ಅಷ್ಟೇ. ಅದರ ಮೇಲಿನ ಸಾಲಿನಲ್ಲಿ ಬೇರೆ ಯಾರದೋ ಸಾವು: 6ನೇ ತಿಂಗಳು, 31ನೇ ದಿನ. ಸೂಚಿಯಲ್ಲಿ ಅದನ್ನು ಜೂನ್ 31 ಅಂತ ಹಾಕಿದ್ದಾರೆ. ಜೂನ್‌ಗೆ ಎಲ್ಲಿದೆ 31?

ಕ್ವೇಕರರು ತಿಂಗಳಿಗೆ ಹೆಸರಿನ ಬದಲು ಸಂಖ್ಯೆ ಬರೆಯುತ್ತಿದ್ದರು, 1752ಕ್ಕೆ ಮುಂಚೆ ಅವರಿಗೆ ಮಾರ್ಚೇ ಒಂದನೇ ತಿಂಗಳು. ವಂಶ ಹುಡುಕುವವರಿಗೆಲ್ಲ ಇದು ಗೊತ್ತು. ಯುಗಾದಿಗೆ ವರ್ಷ ಶುರು ಮಾಡುವ ನಮಗೆ ಇದೇನು ಹೊಸದಲ್ಲ. ಸಪ್ತ, ಅಷ್ಟ, ನವ, ದಶ ಅಂತ ಎಣಿಸಿದರೆ ಸಾಕು, ಸೆಪ್ಟೆಂಬರ್‌ನಿಂದ ಡಿಸೆಂಬರ್ ಏಳರಿಂದ ಹತ್ತನೇ ತಿಂಗಳಾಗಿ ಸರಿಯಾಗಿ ಕೂರುತ್ತವೆ. 6ನೇ ತಿಂಗಳು ಅಂದರೆ ಆಗಸ್ಟ್, ಅದಕ್ಕೆ 31 ಇದೆ. ಆದರೆ ಸೂಚಿಯಲ್ಲಿ ತಿಂಗಳ ಹೆಸರೇ ಇತ್ತಲ್ಲ, ಲೆಕ್ಕ ಹಾಕಿಯೇ ಬರೆದಿದ್ದಾರೆ ಅಂತ ನಂಬಿದ್ದೆ. ಅವರು ಸುಮ್ನೆ 9ನ್ನು ಸೆಪ್ಟೆಂಬರ್ ಮಾಡಿದ್ದಾರೆ. ನಿಜವಾಗಿ ಅದು ನವೆಂಬರ್ 14. ಉಯಿಲು ಬರೆಸಿ 25 ದಿನಕ್ಕೆ ಅಜ್ಜ ಹೋಗಿದ್ದಾರೆ.

ಆ ಕೂಸು? ಹೆಣ್ಣು. ಅದೇ ದಫ್ತರದಲ್ಲಿ 1731ರ 11ನೇ ತಿಂಗಳು 3ನೇ ದಿನ ಹುಟ್ಟಿದ್ದು ಅಂತಿದೆ. ವರ್ಷ ಬದಲಾಗುತ್ತಿದ್ದದ್ದು ಮಾರ್ಚ್‌ನಲ್ಲಿ, ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು 1732ರ ಜನವರಿ 3. ಅಪ್ಪ ಹೋಗಿ ಏಳು ವಾರಕ್ಕೆ ಹುಟ್ಟಿದವಳು. ಇಷ್ಟು ದಿನ ಅಜ್ಜನ ಮೊಮ್ಮಗಳು ಅಂತ ಬರೆದಿದ್ದೆ, ಈಗ ಮಗಳಾದಳು. ನಮ್ಮ ಅಳಿಯನ ಮನೆತನ ಬಂದದ್ದು ಅವಳಿಂದಲೇ. ನಡುವಿನ ಒಂದು ತಲೆಮಾರನ್ನು ಪೂರ್ತಿ ಅಳಿಸಿದೆ.

ಇನ್ನು ಅವಳ ತಾಯಿಯ ತವರು ಹುಡುಕಬೇಕು. ಕ್ವೇಕರ್ ಹೆಂಗಸರು ಬೇರೆಯಾಗಿಯೇ ಸಭೆ ಸೇರಿ ನಡಾವಳಿ ಬರೆದಿಡುತ್ತಿದ್ದರು. ಗಂಡು ಹೆಣ್ಣು ಮದುವೆಯಾಗ್ತೀವಿ ಅಂತ ಬಂದು ಹೇಳಿದ್ದು ಅದರಲ್ಲಿ ಸಿಗಬಹುದು. ಅದಕ್ಕಿಂತ ಜಾಸ್ತಿ ಆಸೆ ಇರುವುದು ಮದುವೆ ಪತ್ರದ ಮೇಲೆ. ಬಂದವರೆಲ್ಲ ಅದಕ್ಕೆ ಸಹಿ ಹಾಕುತ್ತಿದ್ದರು, ಹತ್ತಿರದ ನೆಂಟರ ಸಹಿ ಹೆಚ್ಚಾಗಿ ಬಲಗಡೆ, ವಧೂವರರ ಹೆಸರಿನ ಕೆಳಗೆ. ನಿನ್ನೆ ಅದರ ಪ್ರತಿಗೂ ದುಡ್ಡು ಕಟ್ಟಿದೆ. ಬಲಗಡೆ ಅಂಚು ಕತ್ತರಿಸಬೇಡಿ ಅಂತ ಮೊದಲೇ ಬರೆದು ಕಳಿಸಿದ್ದೇನೆ.