ಪಥ್ಯ ಮುಗಿಸಿದ ವಾರ ಏರಿದ ತೂಕ

ಐದು ತಿಂಗಳು ದಿನಕ್ಕೆ ಸುಮಾರು 1500 ಕ್ಯಾಲೊರಿಯ ಪಥ್ಯದಲ್ಲಿದ್ದು 76 ಕೆಜಿಯಿಂದ 67.8ಕ್ಕೆ ಇಳಿದಿದ್ದ ನಾನು, ಇನ್ನು ಇಳಿಸುವುದು ಸಾಕು, ಇದನ್ನು ಉಳಿಸಿಕೊಂಡರೆ ಆಯಿತು ಎಂದು ನಿರ್ಧರಿಸಿ ಊಟವನ್ನು 2000 ಕ್ಯಾಲೊರಿಗೆ ಏರಿಸಿದೆ. ರಾತ್ರಿಯ ಅರ್ಧ ಮುದ್ದೆ ಇಡೀ ಮುದ್ದೆಯಾಯಿತು, ಮಧ್ಯಾಹ್ನದ ತಟ್ಟೆಗೆ ಅನ್ನ ಮರಳಿತು, ಅದರ ಹಿಂದೆಯೇ ಮಾವಿನ ಉಪ್ಪಿನಕಾಯಿಯೂ ಬಂತು. ಐದನೆಯ ಬೆಳಿಗ್ಗೆ ತೂಕದ ಯಂತ್ರ 69.7 ಎಂದು ತೋರಿಸಿತು. ಯಂತ್ರ ಹಾಸುಗಲ್ಲಿನ ಸಂದಿಯ ಮೇಲೆ ಕೂತಿರಬಹುದೆಂದು ಅದನ್ನು ಸರಿಸಿ ಮತ್ತೆರಡು ಬಾರಿ ಹತ್ತಿದೆ, ಅಂಕಿ ಕದಲಲಿಲ್ಲ.

ಆ ದಿನ ಮಧ್ಯಾಹ್ನದ ಅನ್ನ ಬಿಟ್ಟೆ. ಸಂಜೆ ಹಸಿದ ಹೊಟ್ಟೆಯಲ್ಲಿ ಕುಳಿತು, ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ ಎಂದಿಟ್ಟುಕೊಂಡರೆ, 1.9 ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗುವುದಕ್ಕಿಂತ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಒಳಗೆ ಹೋಗಿರಬೇಕು. ನಾಲ್ಕು ದಿನಗಳಲ್ಲಿ ನಾನು ಹೆಚ್ಚಿಸಿದ್ದು ಒಟ್ಟು 2000 ಮಾತ್ರ, ಅದೂ ದೇಹದ ದಿನದ ಖರ್ಚಿಗೆ ಸರಿಹೊಂದುವಷ್ಟೇ.

ಹಾಗಾದರೆ ಏರಿದ್ದೇನು? ಬಹುಪಾಲು ನೀರು. ನಾವು ತಿಂದ ಅನ್ನ, ರಾಗಿಯ ಪಿಷ್ಟದ ಒಂದು ಭಾಗವನ್ನು ದೇಹ ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಡುತ್ತದೆ. ವಯಸ್ಕರಲ್ಲಿ ಈ ದಾಸ್ತಾನು ಅರ್ಧ ಕೆಜಿಯ ಆಸುಪಾಸಿನಲ್ಲಿದ್ದು, ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಪಥ್ಯದಲ್ಲಿ ಅರೆಬರಿದಾಗಿದ್ದ ಈ ಕಣಜಕ್ಕೆ 300 ಗ್ರಾಂ ಮರಳಿ ತುಂಬಿದರೂ ನೀರೂ ಸೇರಿ 1.2 ಕೆಜಿ ಆಗುತ್ತದೆ. ಉಪ್ಪಿನಕಾಯಿಯ ಉಪ್ಪು ಹಿಡಿದಿಟ್ಟ ನೀರು ಬೇರೆ. ಇನ್ನು, ಹೆಚ್ಚು ಉಂಡವನ ಕರುಳಿನಲ್ಲಿ ಬೆಳಿಗ್ಗೆಯ ಹೊತ್ತಿಗೂ ಹೆಚ್ಚು ಆಹಾರವಿರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ನನಗೆ ನಾಚಿಕೆಯಾದದ್ದು ಹಳೆಯ ನೋಟುಪುಸ್ತಕ ತಿರುವಿದಾಗ. ಪಥ್ಯದ ಮೊದಲ ವಾರವೇ 2.1 ಕೆಜಿ ಇಳಿದಿತ್ತು, ಅದರ ಪಕ್ಕದಲ್ಲಿ ನಾನೇ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿಕೊಂಡಿದ್ದೆ. ಅಂದು ಹೋದದ್ದೂ ಹೆಚ್ಚಾಗಿ ಇದೇ ನೀರು. ಹೋಗುವಾಗ ಅದನ್ನು ಕೊಬ್ಬೆಂದು ಸಂಭ್ರಮಿಸಿದವನು, ಬರುವಾಗಲೂ ಕೊಬ್ಬೆಂದೇ ಹೆದರಿದ್ದೆ. ನಿಜವಾಗಿ ನಾನು ಕಾಪಾಡಿಕೊಳ್ಳಬೇಕಿದ್ದ ತೂಕ 67.8 ಅಲ್ಲವೇ ಅಲ್ಲ. ಅದು ಕಣಜ ಬರಿದಾದ ದೇಹದ ತೂಕ.

"ಆ ಪೆಟ್ಟಿಗೇನ ಅಟ್ಟಕ್ಕೆ ಹಾಕಿ ಬಂದು ಊಟಕ್ಕೆ ಕೂತ್ಕೋ" ಎಂದರು ಅಮ್ಮ. ಅಟ್ಟಕ್ಕೆ ಹಾಕಲಿಲ್ಲ; ದಿನದ ಅಂಕಿಗೆ ಬದಲಾಗಿ ಏಳು ದಿನಗಳ ಸರಾಸರಿಯನ್ನು ಬರೆಯತೊಡಗಿದೆ. ಸರಾಸರಿ ಮೂರನೆಯ ವಾರವೂ ಏರುತ್ತಲೇ ಹೋದರೆ ಮಾತ್ರ ಊಟವನ್ನು ಸ್ವಲ್ಪ ತಗ್ಗಿಸುವುದೆಂದು ಗೊತ್ತುಮಾಡಿಕೊಂಡೆ. ಎರಡನೆಯ ವಾರ 69.6, ಮೂರನೆಯದು 69.5, ನಾಲ್ಕನೆಯದು 69.6. ಬೆಲ್ಟು ಈಗಲೂ ಪಥ್ಯದ ಕೊನೆಯಲ್ಲಿ ಮೊಳೆಯಿಂದ ಹೊಸದಾಗಿ ಕೊರೆದ ತೂತಿನಲ್ಲೇ ನಿಲ್ಲುತ್ತಿದೆ.