ಹಲಗೂರಿನ ಆಚೆ ಎರಡು ರಾತ್ರಿ, ಅದಕ್ಕೆ ಎರಡು ವಾರದ ತಯಾರಿ

ನನ್ನ ಷಡ್ಡಕರಿಗೆ ಮಳವಳ್ಳಿ ತಾಲ್ಲೂಕಿನಲ್ಲಿ, ಹಲಗೂರಿನಿಂದ ಮುತ್ತತ್ತಿಯ ದಿಕ್ಕಿಗೆ, ಕಾಡಿನ ಅಂಚಿನಲ್ಲಿ ನಾಲ್ಕು ಎಕರೆ ಹೊಲವಿದೆ. ರಾಗಿ ಕೊಯ್ಲಾದ ಮೇಲೆ ಅಲ್ಲಿ ಟೆಂಟ್ ಹಾಕಿ ಮಲಗಬೇಕೆಂದು ಮಕ್ಕಳಿಬ್ಬರೂ ದಸರಾ ರಜೆಯಿಂದಲೇ ಪೀಡಿಸುತ್ತಿದ್ದರು. ಗಣರಾಜ್ಯೋತ್ಸವದ ರಜೆ ಭಾನುವಾರಕ್ಕೆ ಅಂಟಿಕೊಂಡು ಬಂದದ್ದರಿಂದ ತಪ್ಪಿಸಿಕೊಳ್ಳಲು ನೆಪ ಉಳಿಯಲಿಲ್ಲ. ಮೈಸೂರಿನಿಂದ ಬನ್ನೂರು, ಮಳವಳ್ಳಿ, ಹಲಗೂರು. ನಡುವೆ ತಿಂಡಿಗೆ ನಿಂತರೂ ಎರಡೂವರೆ ಗಂಟೆಯ ದಾರಿ. ಕಷ್ಟವೆಲ್ಲ ಕೊನೆಯ ನಾಲ್ಕು ಕಿಲೋಮೀಟರಿನದು. ಡಾಂಬರು ಮುಗಿದ ಮೇಲೆ ಗಾಡಿಜಾಡು, ಅದನ್ನು ಕತ್ತರಿಸಿ ಹರಿಯುವ ಒಂದು ಮರಳು ಹಳ್ಳ, ಹಳ್ಳದ ಆಚೆ ಕಲ್ಲು ಎದ್ದ ಏರು. ಟ್ರ್ಯಾಕ್ಟರ್ ಸಲೀಸಾಗಿ ಹೋಗುತ್ತದೆ. ಕಾರು ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಹೊಲದ ಮೂಲೆಯ ಹುಣಸೆಮರದ ಬುಡದಲ್ಲಿ ಮಾತ್ರ, ಅದೂ ಮನಸ್ಸು ಬಂದಾಗ.

ಇಂಥ ಯೋಚನೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ಕಡೆಯ ಕಾಡೆಲ್ಲ ಬಹುಪಾಲು ಕಾವೇರಿ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಉಳಿಯುವುದು ಅಪರಾಧ. ಹೊಳೆ ದಂಡೆಯಲ್ಲೇ ಮಲಗಬೇಕೆಂಬ ಆಸೆ ಇದ್ದರೆ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ, ದುಡ್ಡು ಕಟ್ಟಿ ಹೋಗಬಹುದು. ನಾವು ಉಳಿದದ್ದು ಪಟ್ಟಾ ಜಮೀನಿನಲ್ಲಿ, ಸೋಲಾರ್ ಬೇಲಿಯ ಒಳಗೆ, ಹೊಲದ ಮನೆಯಿಂದ ಕೂಗಳತೆಯಲ್ಲಿ.

ನಮ್ಮದು ಹನ್ನೊಂದು ವರ್ಷ ಹಳೆಯ ಡೀಸೆಲ್ ಜೀಪು. ಸೆಕೆಂಡ್ ಹ್ಯಾಂಡ್ ಕೊಂಡಾಗ ಫೋರ್ ವೀಲ್ ಡ್ರೈವ್ ಇದೆಯೆಂದು ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಎರಡು ವರ್ಷ ಅದನ್ನು ಓಡಿಸಿದ್ದು ಕುವೆಂಪುನಗರದಿಂದ ಕಚೇರಿಗೆ, ಕಚೇರಿಯಿಂದ ಕುವೆಂಪುನಗರಕ್ಕೆ. ಹೊರಡಲು ಎರಡು ವಾರವಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ವರ್ತುಲ ರಸ್ತೆಯ ಆಚೆ ಇನ್ನೂ ಮನೆ ಏಳದ ಬಡಾವಣೆಯ ಮಣ್ಣು ರಸ್ತೆಗೆ ಒಯ್ದು ಗುಂಡಿಯನ್ನು ಫೋರ್ ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಿತಿಗೆ, ತಿರುಗಿಸಿದೆ. ಮೀಟರ್ ಬೋರ್ಡಿನ ಹಸಿರು ದೀಪ ಮಿಣುಕುತ್ತಲೇ ಇತ್ತು, ನಿಲ್ಲಲಿಲ್ಲ. ಮುಂದಿನ ಚಕ್ರಕ್ಕೆ ಶಕ್ತಿ ಹೋಗಿರಲಿಲ್ಲ.

ದೀಪವೊಂದನ್ನೇ ನಂಬಬೇಡಿ. ಸಡಿಲ ಮಣ್ಣಿನ ಮೇಲೆ ಫೋರ್ ಎಚ್‌ನಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಓಡಿಸಿ. ನಾಲ್ಕೂ ಚಕ್ರ ಎಳೆಯುತ್ತಿದ್ದರೆ ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಜಗ್ಗುತ್ತದೆ. ಹಾಗೆ ಜಗ್ಗುವುದೇ ಆರೋಗ್ಯ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ನಮ್ಮಂಥ ಗಾಡಿಗಳಲ್ಲಿ ಎರಡೂ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಆ ವ್ಯತ್ಯಾಸವನ್ನು ಮಣ್ಣು ಜಾರಿ ಸರಿದೂಗಿಸಬೇಕು. ಒಣ ಡಾಂಬರು ಜಾರುವುದಿಲ್ಲ, ಹಾಗಾಗಿ ಒತ್ತಡವೆಲ್ಲ ಗೇರಿನ ಹಲ್ಲಿಗೆ ಬೀಳುತ್ತದೆ. ಊರಿನ ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ ಎನ್ನುವುದು ಇದಕ್ಕೇ. ಫೋರ್ ಎಲ್‌ಗೆ, ಅಂದರೆ ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಸ್ಥಿತಿಗೆ ಹಾಕುವಾಗ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಆಮೇಲೆ ಹಾಕಿ.

ಗ್ಯಾರೇಜಿನಲ್ಲಿ ಮುಂದಿನ ಡಿಫರೆನ್ಷಿಯಲ್‌ನ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಬೋಲ್ಟ್ ಬಿಚ್ಚಿದಾಗ ತಟ್ಟೆಗೆ ಇಳಿದದ್ದು ಎಣ್ಣೆಯಲ್ಲ, ಹಾಲು ಹೆಚ್ಚಾದ ಕಾಫಿ. ಯಾವುದೋ ಮಳೆಗಾಲದಲ್ಲಿ ನೀರು ಸೇರಿಕೊಂಡಿದೆ. "ಸಾರ್, ಇದನ್ನು ತಿಂಗಳಿಗೊಮ್ಮೆಯಾದರೂ ಹಾಕಿ ಓಡಿಸಬೇಕು, ಸುಮ್ಮನೆ ಬಿಟ್ಟರೆ ಹಿಡಿದುಕೊಳ್ಳುತ್ತದೆ" ಎಂದು ಮೆಕ್ಯಾನಿಕ್ ಬೈಯದೆ ಬೈದ. ಎರಡೂ ಡಿಫರೆನ್ಷಿಯಲ್ ಮತ್ತು ಹಿಂದುಮುಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆ ಬದಲಿಸಿ, ಅವುಗಳಿಗೆ ಗಾಳಿಯಾಡುವ ಉಸಿರುನಳಿಗೆ ಕಟ್ಟಿದ ಕೆಸರು ತೆಗೆದು, ಪ್ರೊಪೆಲ್ಲರ್ ಶಾಫ್ಟ್‌ಗೆ ಗ್ರೀಸ್ ಹೊಡೆದದ್ದಕ್ಕೆ ಒಂದು ದಿನ ಹಿಡಿಯಿತು. ಬೆಲ್ಟು, ಕೂಲೆಂಟ್ ಪೈಪು, ಬ್ರೇಕು, ಬ್ಯಾಟರಿ ತುದಿ ಎಲ್ಲರೂ ನೋಡಿಸುವಂಥವೇ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಕ್ರದ ವಿಷಯಕ್ಕೆ ಮಾತ್ರ ಸ್ವಲ್ಪ ಹೆಚ್ಚು ಸಮಯ ಕೊಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನನ್ನ ನಾಲ್ಕು ಟೈರುಗಳು ಪರವಾಗಿರಲಿಲ್ಲ. ಸ್ಟೆಪ್ನಿ ಗಾಡಿಯ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ತೂಗುತ್ತಿರುತ್ತದಲ್ಲ, ಅದನ್ನು ಇಳಿಸಲು ಹೋದರೆ ಸರಪಳಿಯ ತಿರುಪು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಗುದ್ದಾಡಿದೆವು. ಚಕ್ರದ ನಟ್ಟುಗಳದ್ದು ಇನ್ನೊಂದು ಕಥೆ. ಪಂಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಬಿಗಿದದ್ದನ್ನು ಗಾಡಿಯೊಂದಿಗೆ ಬಂದ ಮೊಳದುದ್ದದ ಸ್ಪ್ಯಾನರಿನಿಂದ ಬಿಚ್ಚಲು ನನ್ನಿಂದಾಗಲಿಲ್ಲ. ಎಲ್ಲ ನಟ್ಟುಗಳನ್ನೂ ಒಮ್ಮೆ ಸಡಿಲಿಸಿ ಕೈಯಿಂದ ಬಿಗಿದು, ಸ್ಪ್ಯಾನರಿಗೆ ಸಿಕ್ಕಿಸಿ ಬಲ ಹಾಕಲು ಎರಡಡಿ ಕಬ್ಬಿಣದ ಪೈಪು ಇಟ್ಟುಕೊಂಡೆ. ಮನೆಯ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡದೆ ಯಾರೂ ಇಂಥ ಕಡೆ ಹೊರಡಬಾರದು ಎಂಬುದು ನನ್ನ ಹಟ.

ಜ್ಯಾಕ್ ಮರಳಿನ ಮೇಲೆ ಗಾಡಿಯನ್ನು ಎತ್ತುವುದಿಲ್ಲ, ತಾನೇ ಇಳಿಯುತ್ತದೆ. ಅದರ ಬುಡಕ್ಕೆ ಒಂದಡಿ ಚದರದ ಗಟ್ಟಿ ಹಲಗೆ ಬೇಕು. ತರಬೇಕು ತರಬೇಕು ಎಂದುಕೊಂಡು ಮರೆತು, ಹೊರಡುವ ಹಿಂದಿನ ರಾತ್ರಿ ಅಡುಗೆಮನೆಯ ಮೂಲೆಯಲ್ಲಿದ್ದ ಹಲಸಿನ ಮರದ ಊಟದ ಮಣೆಗೆ ಕೈ ಹಾಕಿದೆ. "ಅದು ನಿಮ್ಮಪ್ಪ ಕೂತು ಉಂಡ ಮಣೆ ಕಣೋ, ಅದರ ಮೇಲೆ ಜೀಪು ಕೂರಿಸುತ್ತೀಯಾ?" ಎಂದರು ಅಮ್ಮ. ಬರೀ ಮುಂಜಾಗ್ರತೆಗೆ, ಬಳಸುವ ಸಂದರ್ಭವೇ ಬರುವುದಿಲ್ಲ ಎಂದು ಸಮಾಧಾನ ಹೇಳಿ ಸೀಟಿನ ಕೆಳಗೆ ತಳ್ಳಿದೆ.

ಉಳಿದ ಸಾಮಾನು ಹೆಚ್ಚೇನಿಲ್ಲ. ಸಲಿಕೆ, ಎಳೆಯಲು ಒಳ್ಳೆಯ ಪಟ್ಟಿ, ಸಂತೆಪೇಟೆಯಿಂದ ತಂದ ಆರು ಗೋಣಿಚೀಲ. ಹೂತ ಚಕ್ರದ ಮುಂದೆ ಮರಳು ತೋಡಿ, ಒದ್ದೆ ಗೋಣಿ ಮಡಿಸಿ ಹಾಸಿದರೆ ಮುಕ್ಕಾಲು ಪಾಲು ಸಲ ಗಾಡಿ ಎದ್ದು ಬರುತ್ತದೆ. ಪಟ್ಟಿಯನ್ನು ಚಾಸಿಗೆ ಜೋಡಿಸಿದ ಎಳೆಕೊಂಡಿಗೆ ಮಾತ್ರ ಕಟ್ಟಿ, ಬಂಪರಿಗೂ ಸ್ಟೀರಿಂಗ್ ಸರಳಿಗೂ ಬೇಡ. ಎಳೆಯುವಾಗ ಮಕ್ಕಳನ್ನು ದೂರ ನಿಲ್ಲಿಸಿ. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಅನ್ನು ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿ ಮನೆಯ ಮುಂದೆಯೇ ಒಂದು ಫ್ಯೂಸ್ ಸುಟ್ಟುಕೊಂಡೆ. ಬ್ಯಾಟರಿಗೆ ನೇರವಾಗಿ ಕಚ್ಚಿಸುವಂಥದ್ದನ್ನು ಕೊಳ್ಳಿ. ಮುಂದೆ ಕಬ್ಬಿಣದ ಕಂಬಿಯ ಗಾರ್ಡ್ ಹಾಕಿಸಿ ಎಂದವರೂ ಇದ್ದರು. ಅದು ಕಾನೂನಿಗೆ ವಿರುದ್ಧ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಕಂಬಿಗೆ ಸುರಿಯುವ ದುಡ್ಡು ಒಳ್ಳೆಯ ಟೈರಿಗೆ ಹೋಗಲಿ.

ತೂಕದ ಬಗ್ಗೆ ನನಗೆ ಬುದ್ಧಿ ಬಂದದ್ದು ಬಂಡಿಪಾಳ್ಯದ ಎಪಿಎಂಸಿ ಬಳಿ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ. ಈರುಳ್ಳಿ ಲಾರಿಗಳ ನಡುವೆ ಐದು ಜನ, ಟೆಂಟು, ಹಾಸಿಗೆ, ಪಾತ್ರೆಗಳ ಸಮೇತ ಜೀಪು ನಿಲ್ಲಿಸಿ ಚೀಟಿ ತೆಗೆದುಕೊಂಡಾಗ, ಕೈಪಿಡಿಯಲ್ಲಿರುವ ಗರಿಷ್ಠ ತೂಕಕ್ಕೆ ಉಳಿದದ್ದು ಬರೀ 40 ಕಿಲೊ. ಇನ್ನೂ ನೀರೇ ತುಂಬಿರಲಿಲ್ಲ! ಮೂರು ಇಪ್ಪತ್ತು ಲೀಟರಿನ ಕ್ಯಾನ್ ಎಂದರೆ 60 ಕಿಲೊ. ಮನೆಗೆ ಬಂದು ಮಡಚುವ ಕುರ್ಚಿಗಳು, ಎರಡನೆಯ ಕುಕ್ಕರು, ಕ್ರಿಕೆಟ್ ಕಿಟ್ಟು ಇಳಿಸಿದೆವು. ನೀರು, ಸಲಕರಣೆಯಂಥ ಭಾರದ್ದು ಗಾಡಿಯ ತಳಕ್ಕೆ, ಹಿಂದಿನ ಸೀಟಿಗೆ ಒತ್ತಿ. ಮಾಳಿಗೆಯ ಮೇಲೆ ಹಾಸಿಗೆ ಸುರುಳಿಯಂಥ ಹಗುರದ್ದು ಮಾತ್ರ. ಮೇಲೆ ಭಾರ ಹೇರಿದ ಗಾಡಿ ಓರೆ ಜಾಡಿನಲ್ಲಿ ಮಗುಚುವುದಕ್ಕೆ ನೆಪ ಹುಡುಕುತ್ತದೆ.

ಮಳವಳ್ಳಿಯಲ್ಲಿ ಟ್ಯಾಂಕ್ ತುಂಬಿಸಿ, ಕ್ಯಾನಿನಲ್ಲಿ ಡೀಸೆಲ್ ಹೊರುವ ಉಸಾಬರಿ ಬೇಡ. ತಾಲ್ಲೂಕು ಆಸ್ಪತ್ರೆ ಎಲ್ಲಿದೆಯೆಂದು ಹಾದುಹೋಗುವಾಗಲೇ ನೋಡಿಟ್ಟುಕೊಳ್ಳಿ. ಹೊಲದಲ್ಲಿ ಹಾವು ಕಡಿದರೆ ಇಂಟರ್ನೆಟ್ಟಿನಲ್ಲಿ ಹುಡುಕಲು ಸಿಗ್ನಲ್ ಇರುವುದಿಲ್ಲ.

ಡಾಂಬರು ಮುಗಿದಲ್ಲಿ ಟೈರಿನಲ್ಲಿ 33 ಪಿಎಸ್ಐ ಇದ್ದ ಗಾಳಿಯನ್ನು 22ಕ್ಕೆ ಇಳಿಸಿದೆ. ಗಾಳಿ ಇಳಿದ ಟೈರು ಅಗಲವಾಗಿ ಕೂತು ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಹಳ್ಳವನ್ನು ಮೊದಲು ನಡೆದು ದಾಟಿ, ಗಟ್ಟಿ ಇರುವ ಕಡೆ ಮಗಳನ್ನು ನಿಲ್ಲಿಸಿ, ಫೋರ್ ಎಲ್‌ನಲ್ಲಿ ಎರಡನೆಯ ಗೇರು ಹಾಕಿ, ನಿಲ್ಲದೆ, ಎಕ್ಸಲರೇಟರ್ ಒತ್ತದೆ ದಾಟಿದೆವು. ಗೋಣಿಚೀಲದ ಅಗತ್ಯವೇ ಬೀಳಲಿಲ್ಲ. ನಾನು ಬೀಗಿದ್ದು ಏರಿನ ಬುಡದವರೆಗೆ. ಗಾಳಿ ಇಳಿಸಿದ ಟೈರಿನ ಪಕ್ಕೆ ಉಬ್ಬಿರುತ್ತದೆ, ಕಲ್ಲಿಗೆ ಅದೇ ಸಿಗುವುದು ಎಂಬುದನ್ನು ಓದಿಯೂ ಮರೆತಿದ್ದೆ. ಮರಳು ದಾಟಿದ ಕೂಡಲೇ ನಿಲ್ಲಿಸಿ 28ಕ್ಕಾದರೂ ಏರಿಸಬೇಕಿತ್ತು. ಬಲ ಮುಂಚಕ್ರದ ಪಕ್ಕೆಯನ್ನು ಒಂದು ಕಲ್ಲು ಮೂರು ಬೆರಳಗಲ ಸೀಳಿತು.

ಹಿಂದಕ್ಕೆ ಉರುಳಿಸಿಕೊಂಡು ಹಳ್ಳದ ಸಮತಟ್ಟಿಗೆ ಬಂದೆವು. ಎಲ್ಲರೂ ಇಳಿದರು. ಹೆಂಡತಿ ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಟ್ಟಳು. ಜ್ಯಾಕ್ ನೇರವಾಗಿ ಇಟ್ಟು ನಾಲ್ಕು ತಿರುವು ತಿರುಗಿಸಿದೆ, ಬುಡ ಪೂರ್ತಿ ಮರಳಿನೊಳಗೆ ಹೋಯಿತು, ಗಾಡಿ ಒಂದಿಂಚೂ ಏಳಲಿಲ್ಲ. ನಾನು ಅಮ್ಮನ ಮುಖ ನೋಡಲಿಲ್ಲ. ಅವರೇ ಸೀಟಿನ ಕೆಳಗಿನಿಂದ ಮಣೆ ಎಳೆದು, ಸೆರಗಿನಿಂದ ಒಮ್ಮೆ ಒರೆಸಿ, ಮರಳು ಸಮ ಮಾಡಿ ತಾವೇ ಇಟ್ಟರು. ಕಾಲು ಗಂಟೆಯೊಳಗೆ ಸ್ಟೆಪ್ನಿ ಕೂತಿತು. ತುಕ್ಕು ಬಿಡಿಸಿರದಿದ್ದರೆ ಆ ಸಂಜೆ ಷಡ್ಡಕರ ಪಕ್ಕದ ಹೊಲದವರ ಟ್ರ್ಯಾಕ್ಟರಿಗೆ ಕಾಯಬೇಕಾಗುತ್ತಿತ್ತು.

ಶಿಬಿರದ ಬಗ್ಗೆ ಎರಡೇ ಮಾತು. ಜನವರಿಯ ಕೊನೆಯಲ್ಲಿ ಇಬ್ಬನಿ ಬೀಳುತ್ತದೆ, ಟೆಂಟಿನ ಮೇಲೊಂದು ಟಾರ್ಪಾಲು ಕಟ್ಟಿ. ಬಾಳೆಹಣ್ಣು, ಬೆಲ್ಲ, ಉಪ್ಪನ್ನು ಟೆಂಟಿನಲ್ಲೂ ಜೀಪಿನಲ್ಲೂ ಇಡದೆ ಹೊಲದ ಮನೆಗೆ ಕೊಟ್ಟುಬಿಡಿ. ಆನೆಗೆ ಬೇಲಿಗಿಂತ ಮೂಗು ದೊಡ್ಡದು. ಮುತ್ತತ್ತಿಗೆ ಹೋದರೆ ಆಂಜನೇಯನಿಗೆ ಕೈ ಮುಗಿದು ಬನ್ನಿ, ಹೊಳೆಗೆ ಇಳಿಯಬೇಡಿ. ಅಲ್ಲಿನ ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ.

ವಾಪಸು ಬರುವಾಗ ಸ್ಟೆಪ್ನಿಯ ಹೊಸ ಟೈರು ಉಳಿದ ಸವೆದ ಮೂರಕ್ಕೆ ಹೊಂದುತ್ತಿರಲಿಲ್ಲ. ಹಳ್ಳ ದಾಟಿದೊಡನೆ ಎರಡೇ ಚಕ್ರ ಎಳೆಯುವ ಟು ಎಚ್‌ಗೆ ಬದಲಿಸಿ, ಗಾಳಿ ತುಂಬಿ, ಬನ್ನೂರಿನವರೆಗೂ ಅರವತ್ತರ ಮೇಲೆ ಓಡಿಸಲಿಲ್ಲ. ಮಣೆಯ ನಡುವೆ ಜ್ಯಾಕಿನ ಬುಡದ ದುಂಡನೆಯ ಗುರುತು ಬಿದ್ದಿದೆ. ಅಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಅಡುಗೆಮನೆಗೆ ಸೇರಿಸಿಕೊಂಡರು. ಈ ಭಾನುವಾರ ಮರದ ಮಂಡಿಗೆ ಹೋಗಿ ಒಂದೂವರೆ ಇಂಚು ದಪ್ಪದ ಹಲಗೆ ತರಬೇಕು.