ಬ್ಯಾರೆಲ್ ತುದಿಯ ಪ್ರಯೋಗ: ಮೂರನೇ ಭಾನುವಾರ

ಬ್ಯಾರೆಲ್ ತುದಿಗೆ ಏರ್ ಸ್ಟ್ರಿಪ್ಪರ್ ಹಾಕಿದರೆ ಹೊಡೆತಗಳು ಚದುರುತ್ತಿದ್ದವು. ಹೋದ ವಾರ ತಲೆ ಕೆಡಿಸಿದ್ದ ಈ ಸಮಸ್ಯೆಯ ಕಾರಣ ಇವತ್ತು ಸಿಕ್ಕಿಬಿತ್ತು. ನನ್ನದು 10 ಮೀಟರ್ ಶೂಟಿಂಗ್‌ನ ಪಿಸಿಪಿ ಏರ್ ರೈಫಲ್, ಅಂದರೆ ಮೊದಲೇ ಒತ್ತಿ ತುಂಬಿಸಿಟ್ಟ ಗಾಳಿಯಿಂದ ಹೊಡೆಯುವಂಥದ್ದು. 4.5 ಮಿ.ಮೀ. ಚಪ್ಪಟೆ ತಲೆಯ ಪೆಲೆಟ್ (ಸಣ್ಣ ಸೀಸದ ಗುಂಡು), ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಬರೀ ಬ್ಯಾರೆಲ್, ತುದಿಗೆ ಹಾಕುವ ಉದ್ದದ ಟ್ಯೂಬ್, ಪಕ್ಕದಲ್ಲಿ ಸೀಳುಗಳಿರುವ ಏರ್ ಸ್ಟ್ರಿಪ್ಪರ್, ಮೂರನ್ನೂ ಮರಳು ಚೀಲದ ಮೇಲಿಟ್ಟು ಒಂದೇ ಡಬ್ಬಿಯ ಪೆಲೆಟ್‌ನಲ್ಲಿ ಐದೈದರಂತೆ ಹೊಡೆದು ನೋಡುತ್ತಿದ್ದೇನೆ.

ಪೆಲೆಟ್ ಹೊರಗೆ ಬಂದ ಕೂಡಲೇ ಹಿಂದಿನ ಗಾಳಿ ಅದಕ್ಕಿಂತ ಜೋರಾಗಿ ನುಗ್ಗಿ ಅದರ ಹಿಂಭಾಗವನ್ನು ತಳ್ಳುತ್ತದೆ. ಒಂದು ಕಡೆಗೆ ಸ್ವಲ್ಪ ಜಾಸ್ತಿ ತಳ್ಳಿದರೂ ಪೆಲೆಟ್ ವಾಲುತ್ತದೆ. ಆ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವುದೇ ಸ್ಟ್ರಿಪ್ಪರ್ ಕೆಲಸ. ಅಂದರೆ ಗ್ರೂಪ್, ಅಂದರೆ ಐದು ಹೊಡೆತಗಳಲ್ಲಿ ತೀರಾ ದೂರದ ಎರಡರ ಕೇಂದ್ರಗಳ ನಡುವಿನ ಅಂತರ, ಚಿಕ್ಕದಾಗಬೇಕಿತ್ತು, ಅಲ್ವಾ? ಆದರೆ ಬರೀ ಬ್ಯಾರೆಲ್‌ನಲ್ಲಿ 2.5 ಮಿ.ಮೀ. ಇದ್ದದ್ದು ಸ್ಟ್ರಿಪ್ಪರ್ ಹಾಕಿದಾಗ 6ಕ್ಕೆ ಹೋಗಿತ್ತು!

ಇವತ್ತು ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಸ್ಟ್ರಿಪ್ಪರ್ ಬಿಚ್ಚಿ ಟಾರ್ಚ್ ಹಾಕಿದೆ. ತೂತಿನ ಅಂಚಿನಲ್ಲಿ, ಒಂದೇ ಪಕ್ಕಕ್ಕೆ, ಸೀಸದ ಬೂದು ಗೀರು. ಹೋಗುವಾಗ ಪೆಲೆಟ್ ಅಲ್ಲಿ ಉಜ್ಜುತ್ತಿತ್ತು. ಒಂದು ಸ್ಕ್ರೂವನ್ನು ಮೊದಲೇ ಪೂರ್ತಿ ಬಿಗಿ ಮಾಡಿದ್ದರಿಂದ ಸ್ಟ್ರಿಪ್ಪರ್ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಮತ್ತೆ ನೇರವಾಗಿ ಕೂರಿಸಿ, ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದ ಮೇಲೆ ಗ್ರೂಪ್ 2 ಮಿ.ಮೀ.ಗೆ ಇಳಿಯಿತು. ಬರೀ ಬ್ಯಾರೆಲ್‌ಗಿಂತ ಅರ್ಧ ಮಿ.ಮೀ. ಮಾತ್ರ ಕಡಿಮೆ, ಐದು ಪೆಲೆಟ್ ನಂಬಿ ಇದೇ ಒಳ್ಳೆಯದು ಅಂತ ಹೇಳಲಾರೆ.

ಟ್ಯೂಬ್‌ನಲ್ಲಿ ಗ್ರೂಪ್ ಬರೀ ಬ್ಯಾರೆಲ್‌ನಷ್ಟೇ ಇತ್ತು, ಆದರೆ 3 ಮಿ.ಮೀ. ಕೆಳಗೆ ಬಿತ್ತು. ತುದಿಗೆ ತೂಕ ಬಿದ್ದಾಗ ಬ್ಯಾರೆಲ್ ಕಂಪಿಸುವ ರೀತಿ ಬದಲಾಗುತ್ತದೆ, ಗುರಿ ನೋಡುವ ಸೈಟ್ ತಿರುಗಿಸಿಕೊಂಡರೆ ಸಾಕು.

ಇನ್ನು ಶಬ್ದ. ಫೋನ್ ಆ್ಯಪ್ ಇಂಥ ಕ್ಷಣದ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಕಿವಿಯನ್ನೇ ನಂಬಿದೆ. ಟ್ಯೂಬ್‌ನಲ್ಲಿ ಸದ್ದು ಸ್ವಲ್ಪ ಮೆತ್ತಗಾಯಿತು. ಸ್ಟ್ರಿಪ್ಪರ್‌ನಲ್ಲಿ ಗಾಳಿ ಪಕ್ಕಕ್ಕೆ ಬರುವುದರಿಂದ ಪಕ್ಕದ ಲೇನ್‌ನವರಿಗೆ ಚುರುಕಾಗಿ ಕೇಳಿಸಿತು. ನಿಜ ಹೇಳಬೇಕೆಂದರೆ ಇವೆಲ್ಲಕ್ಕಿಂತ ಪೆಲೆಟ್ ಹಿಡಿಯುವ ಡಬ್ಬಿಯ ತಗಡಿನ ಟಣ್ ಅನ್ನುವ ಸದ್ದೇ ಜೋರು. ಒಳಗೆ ಜೇಡಿಮಣ್ಣು ಮೆತ್ತಿದ್ದರಿಂದ ಆದ ವ್ಯತ್ಯಾಸ ಬ್ಯಾರೆಲ್ ತುದಿಯ ಯಾವ ಸಾಮಾನಿನಿಂದಲೂ ಆಗಲಿಲ್ಲ.

ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಪಕ್ಕದಲ್ಲಿ ತೂತು, ಸೀಳು ಇರುವ ಟ್ಯೂಬ್‌ಗೆ ಅವಕಾಶವಿಲ್ಲ, ಹಾಗಾಗಿ ಮ್ಯಾಚ್‌ಗೆ ಸ್ಟ್ರಿಪ್ಪರ್ ಬಿಚ್ಚಲೇಬೇಕು. ಮುಂದಿನ ಭಾನುವಾರ ಟ್ಯೂಬ್ ಮತ್ತು ಬರೀ ಬ್ಯಾರೆಲ್, ಒಂದೊಂದರಲ್ಲೂ ಹತ್ತು ಗ್ರೂಪ್ ಹೊಡೆಯುತ್ತೇನೆ.